ಅಂಗಿ ಬದಲಿಸಿದವನು ದ್ರೋಹಿಯಲ್ಲ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಆಟಗಾರನೊಬ್ಬ ಎದುರಾಳಿ ಕ್ಲಬ್ ಸೇರಿದ ಸುದ್ದಿ ಬಂದಾಗಲೆಲ್ಲ ‘ದ್ರೋಹ’ ಎಂಬ ಮಾತು ಗ್ಯಾಲರಿಯಿಂದ ಇಳಿದು ನಮ್ಮ ಕ್ರೀಡಾಪುಟಗಳಿಗೂ ಬರತೊಡಗಿದೆ. ಗ್ಯಾಲರಿಯಲ್ಲಿ ಅದನ್ನು ತಡೆಯಲು ಯಾರಿಂದಲೂ ಆಗದು. ಪತ್ರಿಕೆಯಾದರೂ ಅದನ್ನು ಕೈಬಿಡಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಅಭಿಮಾನಿಯ ನೋವು ನನಗೆ ತಿಳಿಯದ್ದೇನಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗ ತನ್ನ ನೀಲಿ ಅಂಗಿಯ ಬೆನ್ನ ಮೇಲಿದ್ದ ಆಟಗಾರನ ಹೆಸರನ್ನು ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ, ಒಂದೊಂದೇ ಅಕ್ಷರವಾಗಿ ಕಿತ್ತು ಹಾಕಿದ. ಆ ಅಂಗಿಗಾಗಿ ಹುಟ್ಟುಹಬ್ಬಕ್ಕೆ ಎರಡು ತಿಂಗಳ ಮೊದಲಿನಿಂದ ಕಾಡಿದ್ದ ಹುಡುಗ ಅವನು. ನಾನು ಬೈಯಲಿಲ್ಲ. ಅಳುತ್ತಿದ್ದ ಹುಡುಗನಿಗೆ ‘ಇದು ಬರೀ ಆಟ’ ಎಂದು ಹೇಳುವುದು ನನಗೆ ಕ್ರೌರ್ಯವೆನಿಸಿತು. ವಾರಕ್ಕೊಮ್ಮೆ ಗಂಟಲು ಕಟ್ಟುವವರೆಗೆ ಕೂಗಿದವನಿಗೆ, ತಾನು ಹೆಸರು ಕೂಗಿದವನೇ ಎದುರಾಳಿಯ ಬಣ್ಣ ತೊಟ್ಟು ನಿಂತರೆ ಎದೆ ಹಿಂಡಿದಂತಾಗುವುದು ಸಹಜ. ಆತ ಚೆಂಡು ಮುಟ್ಟಿದಾಗಲೆಲ್ಲ ಶಿಳ್ಳೆ ಹಾಕಿ ಅಣಕಿಸುವುದೂ ಅಭಿಮಾನಿಯ ಹಕ್ಕೇ. ಆದರೆ ಆ ಸಿಟ್ಟು ಯಾವಾಗಲೂ ಒಬ್ಬನ ತಲೆಯ ಮೇಲೇ ಬೀಳುತ್ತದಲ್ಲ, ನನ್ನ ತಕರಾರು ಅದರ ಬಗ್ಗೆ.

ಕೋಲ್ಕತ್ತದ ಅನ್ವರ್ ಅಲಿ ಪ್ರಕರಣವನ್ನೇ ನೋಡಿ. ಪಂಜಾಬಿನ ಈ ಡಿಫೆಂಡರ್ 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ತಂಡದ ಪರ ಆಡಿದವರು. ಎರಡು ವರ್ಷಗಳ ನಂತರ ಅವರಿಗೆ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಇರುವುದು ಪತ್ತೆಯಾಯಿತು. ಮೀಸೆ ಚಿಗುರುವ ವಯಸ್ಸಿನ ಹುಡುಗನಿಗೆ ಇನ್ನು ಆಡಬೇಡ ಎಂದರು. ಅವರು ದೆಹಲಿ ಹೈಕೋರ್ಟ್‌ನ ಮೆಟ್ಟಿಲೇರಿದರು, ತಪಾಸಣೆಗಳ ಮೇಲೆ ತಪಾಸಣೆ ಎದುರಿಸಿದರು, 2021ರಲ್ಲಿ ಮೈದಾನಕ್ಕೆ ಮರಳಿದರು. 2023ರಲ್ಲಿ ದೆಹಲಿ ಎಫ್‌ಸಿಯಿಂದ ಎರವಲಾಗಿ ಕೋಲ್ಕತ್ತದ ಮೋಹನ್ ಬಾಗನ್‌ಗೆ ಬಂದರು. ಆ ಋತುವಿನಲ್ಲಿ ಆ ಕ್ಲಬ್ ಡುರಾಂಡ್ ಕಪ್ ಗೆದ್ದಿತು, ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಲೀಗ್ ಶೀಲ್ಡ್ ಗೆದ್ದಿತು. ಮರುವರ್ಷ ಅವರು ಎರವಲು ಒಪ್ಪಂದವನ್ನು ನಡುವೆಯೇ ಮುರಿದು ಅದೇ ಊರಿನ ಬದ್ಧ ಎದುರಾಳಿ ಈಸ್ಟ್ ಬೆಂಗಾಲ್ ಸೇರಿದರು. ಮೋಹನ್ ಬಾಗನ್‌ನ ಹಸಿರು–ಮರೂನ್ ಬಣ್ಣದ ಅಭಿಮಾನಿಗಳಿಗೆ ಇದಕ್ಕಿಂತ ದೊಡ್ಡ ಏಟು ಬೇರೆ ಇರಲಿಲ್ಲ.

ಅನ್ವರ್ ತಪ್ಪೇ ಮಾಡಿಲ್ಲ ಎಂದು ನಾನು ವಾದಿಸುವುದಿಲ್ಲ. ಒಪ್ಪಂದ ಮುರಿದರೆ ಅದನ್ನು ವಿಚಾರಿಸಲು ವ್ಯವಸ್ಥೆ ಇದೆ, ವಿಚಾರಣೆಯೂ ನಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಮಿತಿ ಅವರಿಗೆ ನಾಲ್ಕು ತಿಂಗಳ ನಿಷೇಧ ಹೇರಿತು; ಅವರೂ ಈಸ್ಟ್ ಬೆಂಗಾಲ್ ಮತ್ತು ದೆಹಲಿ ಎಫ್‌ಸಿ ಕ್ಲಬ್‌ಗಳೂ ಸೇರಿ ಮೋಹನ್ ಬಾಗನ್‌ಗೆ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ವಿಷಯ ಹೈಕೋರ್ಟ್‌ಗೆ ಹೋದಾಗ ಆ ಆದೇಶವನ್ನು ಹಿಂಪಡೆದು ಮತ್ತೆ ವಿಚಾರಣೆ ನಡೆಸಲು ಫೆಡರೇಷನ್ ಒಪ್ಪಿಕೊಂಡಿತು. ಅಂದರೆ ಮೂರು ಕ್ಲಬ್‌ಗಳು, ಒಂದು ಫೆಡರೇಷನ್, ಎರಡು ಕಡೆಯ ವಕೀಲರು ಸೇರಿ ನಡೆಸಿದ ವ್ಯವಹಾರವಿದು. ಅಭಿಮಾನಿಗಳ ಬೈಗುಳದಲ್ಲಿ ಮಾತ್ರ ಉಳಿದದ್ದು ಒಂದೇ ಹೆಸರು. ಮಾತುಕತೆಗೆ ಕುಳಿತ ಪದಾಧಿಕಾರಿಗಳು ಯಾರು ಎಂದು ಕೇಳಿದರೆ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಾರದು.

ಆ ಊರಿಗೆ ಇದು ಹೊಸದೂ ಅಲ್ಲ. ಹಿಂದಿನ ದಶಕಗಳಲ್ಲಿ ಆಟಗಾರರು ಕ್ಲಬ್ ಬದಲಿಸುವ ಕಾಲ ಬಂತೆಂದರೆ ಕ್ಲಬ್‌ಗಳ ಕಡೆಯವರು ಅವರನ್ನು ಗುಟ್ಟಾದ ಮನೆಗಳಲ್ಲಿ ಬಚ್ಚಿಟ್ಟು, ಸಹಿಯ ದಿನ ಕಾವಲಿನಲ್ಲಿ ಕರೆತರುತ್ತಿದ್ದರು. 1985ರಲ್ಲಿ ಕೃಷಾನು ಡೇ ಮತ್ತು ಬಿಕಾಶ್ ಪಾಂಜಿ ಜೋಡಿಯಾಗಿ ಮೋಹನ್ ಬಾಗನ್‌ನಿಂದ ಈಸ್ಟ್ ಬೆಂಗಾಲ್‌ಗೆ ಹೋದದ್ದನ್ನು ಅಲ್ಲಿನ ಹಿರಿಯರು ಇಂದಿಗೂ ಮಾತಾಡಿಕೊಳ್ಳುತ್ತಾರೆ. ಹೊತ್ತೊಯ್ದವರು, ಬಚ್ಚಿಟ್ಟವರು, ಹಣ ಎಣಿಸಿದವರು ಯಾರೂ ದ್ರೋಹಿಗಳಾಗಲಿಲ್ಲ.

ಸ್ಪೇನ್‌ನಲ್ಲೂ ಇದೇ ಕಥೆ. 2000ದಲ್ಲಿ ಲೂಯಿಸ್ ಫಿಗೊ ಬಾರ್ಸಿಲೋನಾದಿಂದ ರಿಯಲ್ ಮ್ಯಾಡ್ರಿಡ್‌ಗೆ ಹೋದದ್ದು ಫ್ಲೊರೆಂಟಿನೊ ಪೆರೆಜ್ ಎಂಬ ಉದ್ಯಮಿ ಕ್ಲಬ್‌ನ ಅಧ್ಯಕ್ಷ ಚುನಾವಣೆಗೆ ನಿಂತು ಕೊಟ್ಟ ಭರವಸೆಯಿಂದ. 2002ರ ನವೆಂಬರ್‌ನಲ್ಲಿ ಕ್ಯಾಂಪ್ ನೌ ಮೈದಾನದಲ್ಲಿ ಕಾರ್ನರ್ ಒದೆಯಲು ಬಂದ ಫಿಗೊ ಅವರತ್ತ ತೂರಿಬಂದದ್ದು ಬಾಟಲಿಗಳು ಮತ್ತು ಒಂದು ಹಂದಿಯ ತಲೆ. ಪೆರೆಜ್ ಕುಳಿತ ಕಡೆಗೆ ಏನನ್ನಾದರೂ ಎಸೆದ ಸುದ್ದಿಯನ್ನು ನಾನು ಓದಿಲ್ಲ.

ಈ ಸಿಟ್ಟು ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೂ ಕೋಲ್ಕತ್ತವೇ ಸಾಕ್ಷಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಹೊಡೆದಾಟವಾಗಿ, ಕಾಲ್ತುಳಿತದಲ್ಲಿ 16 ಮಂದಿ ಅಭಿಮಾನಿಗಳು ಸತ್ತರು. ಆಟ ನೋಡಲು ಹೋದ ಮಕ್ಕಳಿಗಾಗಿ ಊಟ ಮುಚ್ಚಿಟ್ಟು ಕಾದ ತಾಯಂದಿರನ್ನು ನೆನೆದರೆ ಇಂದಿಗೂ ನನ್ನ ಕೈ ನಡುಗುತ್ತದೆ. ಅದೇ ಅಭಿಮಾನಿಗಳ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2024ರ ಆಗಸ್ಟ್ 18ರಂದು, ಅನ್ವರ್ ವಿವಾದ ಉರಿಯುತ್ತಿದ್ದ ದಿನಗಳಲ್ಲೇ, ಡುರಾಂಡ್ ಕಪ್‌ನಲ್ಲಿ ಈ ಎರಡು ತಂಡಗಳ ಪಂದ್ಯ ಭದ್ರತೆಯ ಕಾರಣಕ್ಕೆ ರದ್ದಾಗಿತ್ತು. ಆದರೂ ಎರಡೂ ಬಣ್ಣದವರು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಆರ್‌.ಜಿ. ಕರ್ ಆಸ್ಪತ್ರೆಯ ವೈದ್ಯೆಗೆ ನ್ಯಾಯ ಕೇಳಿದರು, ಒಟ್ಟಾಗಿ ಲಾಠಿ ಏಟು ತಿಂದರು. ಇಷ್ಟು ದೊಡ್ಡ ಮನಸ್ಸಿನ ಜನ ಅಂಗಿ ಬದಲಿಸಿದ ಹುಡುಗನನ್ನು ಕ್ಷಮಿಸಲಾರರೇ?

ಬೆಂಗಳೂರಿನವರಾದ ನಮಗಂತೂ ‘ದ್ರೋಹಿ’ ಎನ್ನಲು ಬಾಯಿ ಬರಬಾರದು. ನಾವು ಕಂಠೀರವದಲ್ಲಿ ತಲೆಯ ಮೇಲೆ ಹೊತ್ತು ಮೆರೆಸುವ ಸುನಿಲ್ ಚೆಟ್ರಿ 2002ರಲ್ಲಿ ಮೋಹನ್ ಬಾಗನ್‌ನಲ್ಲಿ ಆಟ ಶುರು ಮಾಡಿ, 2008ರಲ್ಲಿ ಈಸ್ಟ್ ಬೆಂಗಾಲ್ ಸೇರಿ, 2011ರಲ್ಲಿ ಮತ್ತೆ ಮೋಹನ್ ಬಾಗನ್‌ಗೆ ಮರಳಿ, ಆಮೇಲೆ ನಮ್ಮ ಬೆಂಗಳೂರು ಎಫ್‌ಸಿಗೆ ಬಂದವರು. 2024ರ ಜೂನ್ 6ರಂದು ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದಾಗ ಅವರನ್ನು ಬೀಳ್ಕೊಟ್ಟದ್ದು ಅದೇ ಸಾಲ್ಟ್ ಲೇಕ್ ಕ್ರೀಡಾಂಗಣ. ಇನ್ನೂ ಹಿಂದಕ್ಕೆ ಹೋದರೆ, ಒಲಿಂಪಿಕ್ಸ್‌ನಲ್ಲಿ ಆಡಿದ ನಮ್ಮೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದ, ನಮ್ಮೂರಿನವರೇ ಆದ ಅರುಮೈನಾಯಗಂ ಮೋಹನ್ ಬಾಗನ್‌ನ ಕಣ್ಮಣಿ. ಕೂಲಿ ಹೆಚ್ಚು ಸಿಗುವ ಕಡೆಗೆ ದುಡಿಯುವವನು ಹೋಗುತ್ತಾನೆ ಎಂಬುದು ಹಲಸೂರು, ಆಸ್ಟಿನ್ ಟೌನ್‌ಗಳ ಮನೆಗಳಿಗೆ ಚೆನ್ನಾಗಿ ಗೊತ್ತು. ಅವರನ್ನು ಇಲ್ಲಿ ಯಾರೂ ಊರು ಬಿಟ್ಟ ದ್ರೋಹಿಗಳೆನ್ನಲಿಲ್ಲ, ಹೆಮ್ಮೆಪಟ್ಟರು.

ಇನ್ನು ನಿಷ್ಠೆಯ ಮಾತು. 2025ರಲ್ಲಿ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಬೆಂಗಳೂರು ಎಫ್‌ಸಿ ಆಗಸ್ಟ್ ತಿಂಗಳಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕ್ಲಬ್‌ಗೂ ಅದರದೇ ಕಷ್ಟವಿತ್ತು, ಒಪ್ಪುತ್ತೇನೆ. ಆದರೆ ಮೂವತ್ತೈದರ ಹೊತ್ತಿಗೆ ಮೊಣಕಾಲು ಕೈಕೊಡುವ ವೃತ್ತಿಯಲ್ಲಿ, ಮುಂದಿನ ತಿಂಗಳ ಸಂಬಳವೇ ಖಾತರಿಯಿಲ್ಲದವನಿಂದ ನಾವು ಜೀವಮಾನದ ನಿಷ್ಠೆ ಕೇಳುವುದು ಯಾವ ನ್ಯಾಯ? ಬೇಡವಾದ ದಿನ ಕ್ಲಬ್ ಆಟಗಾರನನ್ನು ಬಿಟ್ಟುಬಿಡುತ್ತದೆ. ಆಗ ನಾವು ಯಾರೂ ಕ್ಲಬ್ಬನ್ನು ದ್ರೋಹಿ ಎನ್ನುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆಟಗಾರನೊಬ್ಬ ಎದುರಾಳಿ ಕ್ಲಬ್ ಸೇರಿದಾಗ ದಯವಿಟ್ಟು ಆ ವ್ಯವಹಾರವನ್ನು ಬರೆಯಿರಿ. ಹಳೆಯ ಒಪ್ಪಂದ ಇನ್ನೆಷ್ಟು ವರ್ಷ ಬಾಕಿ ಇತ್ತು, ಯಾರು ಮೊದಲು ಮಾತು ತೆಗೆದರು, ಕ್ಲಬ್ ಅವನನ್ನು ಉಳಿಸಿಕೊಳ್ಳಲು ಏನು ಕೊಡಲು ಸಿದ್ಧವಿತ್ತು, ಕೈಬದಲಾದ ಹಣವೆಷ್ಟು, ಸಹಿ ಹಾಕಿದ ಪದಾಧಿಕಾರಿ ಯಾರು ಎಂಬುದನ್ನು ತಿಳಿಸಿ. ಕ್ಲಬ್‌ಗಳು ಹೇಳದಿದ್ದರೆ, ಹೇಳಲಿಲ್ಲ ಎಂದೇ ಅಚ್ಚು ಹಾಕಿ. ನನ್ನ ಮೊಮ್ಮಗ ಈಗಲೂ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಕ್ರೀಡಾಪುಟವನ್ನೇ ಮೊದಲು ಬಿಡಿಸುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಫುಟ್‌ಬಾಲ್ ಪ್ರೇಕ್ಷಕ
ಹಲಸೂರು, ಬೆಂಗಳೂರು