ಚೀಲದ ಮೇಲಿದ್ದ ಆ ಸಾಲು ಎಲ್ಲಿ ಹೋಯಿತು?

ನಮ್ಮ ಸೋನಾ ಮಸೂರಿ ಕೊಳ್ಳುವ ಎಲ್ಲರಿಗೂ ನಮಸ್ಕಾರ.

ಹೊಸ ಚೀಲ ತಲುಪಿದ ಮೇಲೆ ಕೆಲವರು ಫೋನ್ ಮಾಡಿ ಕೇಳಿದಿರಿ: ‘ಕಡಿಮೆ ನೀರು, ತಂಪು ಭೂಮಿ’ ಅಂತ ಹಸಿರು ಅಕ್ಷರದಲ್ಲಿ ಇತ್ತಲ್ಲ, ಅದೇನಾಯ್ತು? ಪ್ರಿಂಟಿನವರು ಮರೆತದ್ದಲ್ಲ. ಅಕ್ಕಿ ಬೆಳೆಯುವ ಸಂಘದವರಾದ ನಾವೇ ತೆಗೆಸಿದೆವು.

ನಮ್ಮ ಗದ್ದೆಗಳು ಗಂಗಾವತಿ–ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿವೆ. ಸದಾ ನೀರು ಕಟ್ಟಿ ನಿಲ್ಲಿಸುವುದನ್ನು ನಾವು ಬಿಟ್ಟಿದ್ದೇವೆ. ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹುಗಿದಿರುತ್ತೇವೆ. ಅದರೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಬಿಡುತ್ತೇವೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಹೀಗೆ ಮಾಡುವುದಿಲ್ಲ. ಗಾಳಿಯಾಡದ ಕೆಸರಿನಲ್ಲಿ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಹುಟ್ಟುತ್ತದೆ, ನಡುನಡುವೆ ಒಣಗಲು ಬಿಟ್ಟರೆ ಅದು ಕಡಿಮೆಯಾಗುತ್ತದೆ. ಈ ಮಾತು ಈಗಲೂ ನಿಜ.

ಆದರೆ ನಮ್ಮ ಲೆಕ್ಕ ಬದುವಿನ ಹತ್ತಿರವೇ ನಿಂತುಬಿಟ್ಟಿತ್ತು. ಬದು ದಾಟಿ ಬಸಿಗಾಲುವೆಗೆ ಇಳಿದ ನೀರು ತನ್ನ ಜೊತೆ ಏನು ಒಯ್ಯುತ್ತದೆ ಅಂತ ನಾವು ನೋಡಲೇ ಇಲ್ಲ.

ಅದು ಒಯ್ಯುವುದು ನಮ್ಮ ಯೂರಿಯಾವನ್ನು. ಮಣ್ಣಿಗೆ ಗಾಳಿ ಸಿಕ್ಕಾಗ ಯೂರಿಯಾದ ಸಾರಜನಕ ನೈಟ್ರೇಟ್ ಆಗುತ್ತದೆ. ಮತ್ತೆ ನೀರು ಬಿಟ್ಟಾಗ ಅದರಲ್ಲಿ ಒಂದು ಪಾಲು ಬಸಿದು ಹೊರಗೆ ಹೋಗುತ್ತದೆ. ಬಸಿಗಾಲುವೆಯ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆಯುವಾಗ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಹಲ್ಲಿನ ಡಾಕ್ಟರು ಕೊಡುವ ನಗೆ ಅನಿಲ ಇದೆಯಲ್ಲ, ಅದೇ. ಸ್ವಲ್ಪ ಅನಿಲ ಗದ್ದೆಯಲ್ಲೇ ಹುಟ್ಟಿ, ನೀರಿನಲ್ಲಿ ಕರಗಿ ಬಂದಿರುತ್ತದೆ. ನೀರು ಎತ್ತರದಿಂದ ಧುಮುಕುವ ಕಡೆ ಅದು ಹಾರಿಹೋಗುತ್ತದೆ, ಸೋಡಾ ಬಾಟಲಿ ತೆರೆದ ಹಾಗೆ. ಕಣ್ಣಿಗೆ ಕಾಣಲ್ಲ, ವಾಸನೆ ಗೊತ್ತಾಗಲ್ಲ. ಈ ಬಸಿಗಾಲುವೆಯೇ ನಾವು ದಿನಾ ಓಡಾಡುವ ಹಳ್ಳ.

ಬೇವು ಲೇಪಿಸಿದ ಯೂರಿಯಾ ಅಲ್ವಾ ಅಂತ ನೀವು ಕೇಳಬಹುದು. ಹೌದು, 2015ರಲ್ಲಿ ದೇಶದ ಗೊಬ್ಬರದ ಯೂರಿಯಾಕ್ಕೆ ಆ ಲೇಪ ಕಡ್ಡಾಯವಾಯಿತು. ನೈಟ್ರೇಟ್ ಆಗುವುದು ನಿಧಾನವಾಗುತ್ತದೆ, ಅಷ್ಟೇ. ನಿಲ್ಲುವುದಿಲ್ಲ.

ಲೆಕ್ಕ ಹೀಗಿದೆ. 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕ ಇರುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ 2019ರ ಅಂದಾಜಿನಂತೆ ಅದರಲ್ಲಿ 24 ಶೇಕಡಾ ನೀರಿನ ಜೊತೆ ಹೋಗುತ್ತದೆ. ಹೋದದ್ದರಲ್ಲಿ 1.1 ಶೇಕಡಾ ನಗೆ ಅನಿಲವಾಗುತ್ತದೆ. ಅನಿಲದಲ್ಲಿರುವ ಆಮ್ಲಜನಕದ ತೂಕವೂ ಸೇರಿ ಚೀಲವೊಂದಕ್ಕೆ 86 ಗ್ರಾಂ ಅಂದರೆ ಏನು ಮಹಾ ಅನ್ನಿಸುತ್ತದೆ. ಆದರೆ ಬಿಸಿ ಹಿಡಿಯುವುದರಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಜಾಸ್ತಿ. ಹಾಗಾಗಿ ಒಂದು ಚೀಲ ಯೂರಿಯಾಕ್ಕೆ, ಬಸಿನೀರಿನ ಲೆಕ್ಕದಲ್ಲೇ, ಸುಮಾರು 23 ಕಿಲೋ ಡೈಆಕ್ಸೈಡಿನಷ್ಟು ಆಯಿತು. ಇದು ಜಗತ್ತಿಗೆಲ್ಲ ಹಾಕಿಟ್ಟ ಅಂದಾಜು, ನಮ್ಮ ಹಳ್ಳದಲ್ಲಿ ಅಳೆದದ್ದಲ್ಲ. ಆದರೂ ಸೊನ್ನೆ ಅಲ್ಲ ಅಂತ ಗೊತ್ತಾದ ಮೇಲೆ ಆ ಸಾಲು ಇಟ್ಟುಕೊಳ್ಳುವುದು ಸರಿ ಕಾಣಲಿಲ್ಲ.

ಈ ಮುಂಗಾರಿನಿಂದ ಯೂರಿಯಾವನ್ನು ಒಂದೇ ಸಲ ಸುರಿಯುವುದಿಲ್ಲ. ಎಲೆಯನ್ನು ಹಸಿರು ಬಣ್ಣಗಳ ಪಟ್ಟಿಯ ಪಕ್ಕ ಹಿಡಿದು ಹೋಲಿಸಿ ನೋಡಿ, ಬೇಕಾದಾಗ ಬೇಕಾದಷ್ಟೇ ಹಾಕುತ್ತೇವೆ. ಹಾಕಿದ ಮೇಲೆ ಒಂದು ವಾರ ಗದ್ದೆಯ ನೀರು ಹೊರಹೋಗುವ ದಾರಿ ಕಟ್ಟಿರುತ್ತೇವೆ. ಜೋರು ಮಳೆ ಬಂದರೆ ಮಾತ್ರ ಏನೂ ಮಾಡಲಾಗದು. ತಗ್ಗಿನ ಸವಳು ಹೊಲದವರಿಗೆ ಈ ನಿಯಮ ಇಲ್ಲ. ಅಲ್ಲಿ ನೀರು ಬಸಿಯದಿದ್ದರೆ ಉಪ್ಪು ಮೇಲೆ ಬಂದು ಬೆಳೆಯೇ ಹೋಗುತ್ತದೆ. ಈ ವಿಷಯಕ್ಕೆ ಸಂಘದ ಸಭೆಯಲ್ಲಿ ಜಗಳವೇ ಆಯಿತು. ಕೊನೆಗೆ ತಗ್ಗಿನವರ ಮಾತೇ ಸರಿ ಅಂತ ಒಪ್ಪಿದೆವು.

ಬೆಲೆ ಏರಿಸಿಲ್ಲ. ಅಕ್ಕಿಯೂ ಅದೇ. (ಹೌದು, ಹಳೇ ಅಕ್ಕಿಯೇ. ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಮೊದಲೇ ಹೇಳಿಬಿಟ್ಟೆವು.)

ಹಳೆಯ ಸಾಲು ಇರುವ ಚೀಲಗಳು ಇನ್ನೂ ಕೆಲವು ಅಂಗಡಿಗಳಲ್ಲಿವೆ. ಸುಮ್ನೆ ಎಸೆಯುವುದು ಬೇಡ ಅಂತ ಅವನ್ನು ಖಾಲಿಯಾಗುವವರೆಗೆ ಮಾರುತ್ತೇವೆ. ಆ ಸಾಲನ್ನು ನಂಬಿಯೇ ಕೊಂಡಿದ್ದೆ, ಈಗ ಬೇಡ ಅನ್ನುವವರು ಒಡೆಯದ ಚೀಲವನ್ನು ಕೊಂಡ ಅಂಗಡಿಗೇ ಕೊಡಿ. ದುಡ್ಡು ವಾಪಸ್ ಸಿಗುತ್ತದೆ, ಕಾರಣ ಕೇಳುವುದಿಲ್ಲ.

ಇಂತಿ,
ನಿಮ್ಮ ಅಕ್ಕಿ ಬೆಳೆಯುವ ಸಂಘದವರು