‘ದೋಷ ಕಂಡುಬಂದಿಲ್ಲ’ ಎಂದು ವಾಪಸ್ ಕಳಿಸಿದ ಇಯರ್‌ಫೋನ್: ದೂರು ಮತ್ತು ಬದಲಿ ಮಾದರಿಗೆ ಕೋರಿಕೆ

ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರಿಗೆ,

ವಿಷಯ: ಬಳಸುತ್ತಿದ್ದಂತೆ ಬಲಭಾಗದ ಸದ್ದು ಕುಗ್ಗುವ ತಂತಿಯ ಇಯರ್‌ಫೋನ್, ಬದಲಿಸಿ ಕೊಟ್ಟ ಎರಡನೇ ಜೊತೆಯಲ್ಲೂ ಅದೇ ದೋಷ, ಬೇರೆ ಮಾದರಿಯನ್ನು ಬದಲಿಯಾಗಿ ಕೊಡಬೇಕೆಂಬ ಕೋರಿಕೆ.

ಮಾನ್ಯರೇ,

ನಿಮ್ಮ ಸರ್ವಿಸ್ ಕೇಂದ್ರಕ್ಕೆ ಕಳಿಸಿದ್ದ ಇಯರ್‌ಫೋನ್ ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂಬ ಚೀಟಿ ಅಂಟಿಸಿಕೊಂಡು ವಾಪಸ್ ಬಂದಿದೆ. ಚೀಟಿಯಲ್ಲಿರುವುದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮೇಜಿನ ಮೇಲೆ ಅದು ಸರಿಯಾಗಿಯೇ ನುಡಿದಿರುತ್ತದೆ. ಈ ದೋಷ ಒಣಗಿದರೆ ಕಾಣಿಸುವುದಿಲ್ಲ, ಪಾರ್ಸೆಲ್ ದಾರಿಯಲ್ಲಿದ್ದ ದಿನಗಳಲ್ಲಿ ಅದು ಚೆನ್ನಾಗಿ ಒಣಗಿತ್ತು. ಎರಡು ನಿಮಿಷ ಹಾಡು ಹಾಕಿ ನೋಡಿದರೆ ಸಿಕ್ಕುವ ದೋಷ ಇದಲ್ಲ ಎಂದು ದೂರಿನ ಅರ್ಜಿಯಲ್ಲೇ ಬರೆದಿದ್ದೆ. ಅದನ್ನು ಯಾರೂ ಓದಿದಂತೆ ಕಾಣುವುದಿಲ್ಲ; ತಂತಿಯ ಇಯರ್‌ಫೋನಿನ ದೂರಿಗೆ ‘ಬ್ಲೂಟೂತ್ ರೀಸೆಟ್ ಮಾಡಿ’ ಎಂಬ ಉತ್ತರವೂ ನಿಮ್ಮಲ್ಲಿಂದ ಬಂದಿದೆ. ಹಾಗಾಗಿ ಈ ಬಾರಿ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಆಗುವುದು ಹೀಗೆ. ಕಿವಿಗೆ ಹಾಕಿದ ಮುಕ್ಕಾಲು ಗಂಟೆಯೊಳಗೆ ಬಲಭಾಗ ಮಂಕಾಗತೊಡಗುತ್ತದೆ. ಮೊದಲು ಸ, ಶ ಅಕ್ಷರಗಳ ಚೂಪು ಹೋಗುತ್ತದೆ, ತಾಳದ ಝಣತ್ಕಾರ ಬಟ್ಟೆ ಮುಚ್ಚಿದಂತೆ ಮಸುಕಾಗುತ್ತದೆ. ಆಮೇಲೆ ಇಡೀ ಸದ್ದೇ ಇಳಿದು, ತಲೆಯ ನಡುವೆ ಕೇಳಿಸಬೇಕಾದ ಗಾಯಕರ ದನಿ ಎಡಕ್ಕೆ ಸರಿದು ನಿಲ್ಲುತ್ತದೆ. ಫೋನಿನ ಬ್ಯಾಲೆನ್ಸ್ ಸ್ಲೈಡರನ್ನು ಬಲಕ್ಕೆ ಎಳೆದರೆ ಮಾತ್ರ ಮತ್ತೆ ನಡುವಿಗೆ ಬರುತ್ತದೆ. ರಾತ್ರಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ನುಡಿಯುತ್ತದೆ. ಮೊದಲ ಜೊತೆಯಲ್ಲೂ ಹೀಗೇ, ನೀವು ಬದಲಿಸಿ ಕೊಟ್ಟ ಎರಡನೆಯದರಲ್ಲೂ ಹೀಗೇ.

ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿಯೇ ಈ ಪತ್ರ ಬರೆಯುತ್ತಿದ್ದೇನೆ. ಫೋನಿನ ಬ್ಯಾಲೆನ್ಸ್ ನಡುವಿನಲ್ಲೇ ಇದೆ. ಸದ್ದು ಕುಗ್ಗಿದ ಹೊತ್ತಿನಲ್ಲೇ ಎಡದ್ದನ್ನು ಬಲಗಿವಿಗೂ ಬಲದ್ದನ್ನು ಎಡಗಿವಿಗೂ ಹಿಡಿದು ಕೇಳಿದರೆ ದನಿ ಬಲಕ್ಕೆ ಸರಿಯುತ್ತದೆ; ಅಂದರೆ ದೋಷ ಕಿವಿಯದಲ್ಲ, ಇಯರ್‌ಫೋನಿನದು. ಕೇಬಲ್ಲಿನ ಎರಡು ತುದಿಗಳನ್ನು ಅದಲುಬದಲು ಮಾಡಿದಾಗಲೂ ದೋಷ ಅದೇ ಚಿಪ್ಪಿನಲ್ಲಿ (ಇಯರ್‌ಫೋನಿನ ಹೊರಕವಚದಲ್ಲಿ) ಉಳಿಯಿತು. ಹಾಗಾಗಿ ಕೇಬಲ್ ಅಲ್ಲ, ಜ್ಯಾಕ್ ಅಲ್ಲ, ಫೋನೂ ಅಲ್ಲ. ಕಿವಿಯೊಳಗೆ ಕೂರುವ ಮೆತ್ತನೆಯ ಟಿಪ್ ಬದಲಿಸಿದರೂ ವ್ಯತ್ಯಾಸವಿಲ್ಲ. ಗುಗ್ಗೆ ಕಟ್ಟಿಕೊಂಡಿದ್ದರೆ ರಾತ್ರಿ ಒಣಗಿಸಿದ ಮಾತ್ರಕ್ಕೆ ಸರಿಹೋಗುತ್ತಿರಲಿಲ್ಲ. ಒಳಗಿನ ತಂತಿಸುರುಳಿ (ಕಾಯಿಲ್) ಕೆಟ್ಟಿದ್ದರೂ ಅಷ್ಟೇ. ಇನ್ನೊಂದು ಸಾಧ್ಯತೆ, ಅಲುಗಿ ಸದ್ದು ಹುಟ್ಟಿಸುವ ತೆಳು ಪೊರೆ, ಅಂದರೆ ಡಯಾಫ್ರಮ್, ಮಡಿಚಿಕೊಳ್ಳುವುದು. ಹಾಗಾಗಿದ್ದರೆ ಇಯರ್‌ಫೋನನ್ನು ಒಮ್ಮೆ ಹೊರತೆಗೆದು ಮತ್ತೆ ಹಾಕಿದಾಗ ಸಾಮಾನ್ಯವಾಗಿ ಸದ್ದು ತಕ್ಷಣ ಮರಳಬೇಕು; ಇಲ್ಲಿ ಗಂಟೆಗಟ್ಟಲೆ ಬೇಕು. ಉಳಿಯುವುದು ತೇವವೊಂದೇ.

ಕಿವಿಯ ನಾಳದ ಗಾಳಿ ಹೆಚ್ಚುಕಡಿಮೆ ಮೈಯಷ್ಟೇ ಬೆಚ್ಚಗೆ, ತೇವವೂ ಹೆಚ್ಚು. ಸಿಲಿಕಾನ್ ಟಿಪ್ ಬಿಗಿಯಾಗಿ ಕೂತರೆ ಆ ತೇವಕ್ಕೆ ಹೊರದಾರಿ ಇರುವುದಿಲ್ಲ. ಟಿಪ್ ಕೂರುವ ಕೊಳವೆ, ಅಂದರೆ ಮೂತಿ, ನಿಮ್ಮ ಈ ಮಾದರಿಯಲ್ಲಿ ಲೋಹದ್ದು. ಅದರ ಹಿಂಬದಿಯ ಲೋಹದ ಚಿಪ್ಪು ಹೊರಗಿನ ಗಾಳಿಗೆ ಒಡ್ಡಿಕೊಂಡಿರುವುದರಿಂದ ಮೂತಿ ಕಿವಿಗಿಂತ ತಣ್ಣಗೇ ಇರುತ್ತದೆ. ಚಳಿಯ ಬೆಳಗಿನಲ್ಲಿ ಗಾಜಿನ ಮೇಲೆ ಉಸಿರು ಹನಿಗಟ್ಟುವಂತೆ ಮೂತಿಯ ಜಾಲರಿಯ ಮೇಲೆ ಇಬ್ಬನಿ ಕಟ್ಟುತ್ತದೆ. ಸದ್ದು ಕುಗ್ಗಿದಾಗ ಟಿಪ್ ಕಳಚಿ, ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ: ಒಣಗಿದ ಜಾಲರಿಯಲ್ಲಿ ಪ್ರತಿ ಕಣ್ಣೂ ಕಪ್ಪಾಗಿ ಬಿಡಿಬಿಡಿಯಾಗಿ ಕಾಣುತ್ತದೆ, ಒದ್ದೆಯಾದುದರಲ್ಲಿ ಕಣ್ಣುಗಳ ಬಾಯಿಗೆ ಹೊಳೆಯುವ ನೀರಿನ ಪೊರೆ ಬಿಗಿದಿರುತ್ತದೆ. ಕಣ್ಣು ಸಣ್ಣದಾದಷ್ಟೂ ಆ ಪೊರೆ ಗಟ್ಟಿ, ಕುಟ್ಟಿದರೂ ಉದುರುವುದಿಲ್ಲ. ಜಾಲರಿಯ ಹಿಂದೆ ಸದ್ದನ್ನು ಹದಗೊಳಿಸಲು ಅಂಟಿಸಿದ ತೆಳು ಬಟ್ಟೆಯೂ ಇದ್ದರೆ ಅದು ನೀರು ಹೀರಿಕೊಂಡು ಕೂರುತ್ತದೆ. ಗಾಳಿಯ ಅಲುಗಾಟಕ್ಕೆ ಅಲ್ಲಿ ತಡೆ ಹೆಚ್ಚಾಗುತ್ತದೆ. ಮೊದಲು ಏರುಸ್ವರದ ಭಾಗ ಮಂಕಾಗಿ, ಕಣ್ಣುಗಳು ಮುಚ್ಚುತ್ತ ಹೋದಂತೆ ಇಡೀ ಸದ್ದು ಇಳಿಯುವುದು ಇದಕ್ಕೇ. ಜಾಲರಿಗೆ ಅಂಟು ಹಚ್ಚಿದ್ದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದು ಬದಿ ಇನ್ನೊಂದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ.

ನಿಮ್ಮ ಕೇಂದ್ರದಲ್ಲೇ ಇದನ್ನು ಬರಿಸಿ ನೋಡಬಹುದು. ಒಣಗಿದ ಇಯರ್‌ಫೋನಿನ ಎರಡೂ ಬದಿಯನ್ನು ಮೊದಲು ಒಂದೇ ಕಪ್ಲರಿನಲ್ಲಿ (ಕಿವಿಯ ನಾಳವನ್ನು ಹೋಲುವ ಅಳತೆಯ ಸಾಧನದಲ್ಲಿ) ಅಳೆದಿಟ್ಟುಕೊಳ್ಳಿ. ಸಣ್ಣ ಡಬ್ಬಿಯಲ್ಲಿ ನೀರು ಹಿಂಡಿದ ಒದ್ದೆ ಹತ್ತಿ ಇಟ್ಟು, ಡಬ್ಬಿಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿಯಿರಿ. ಮುಚ್ಚಳದಲ್ಲಿ ತೂತು ಮಾಡಿ, ಮೂತಿ ಮಾತ್ರ ಒಳಗಿರುವಂತೆ, ಚಿಪ್ಪು ಕೋಣೆಯ ಗಾಳಿಯಲ್ಲಿ ಉಳಿಯುವಂತೆ ಎರಡನ್ನೂ ಸಿಕ್ಕಿಸಿ. ಮೂತಿ ಹತ್ತಿಗೆ ತಾಕಬಾರದು. 45 ನಿಮಿಷ ಬಿಟ್ಟು ತೆಗೆದ ಕೂಡಲೇ, ಒರೆಸದೆ, ಮತ್ತೆ ಅಳೆಯಿರಿ. 1,000 ಹರ್ಟ್ಸ್‌ನಲ್ಲೂ 3,000ದಿಂದ 5,000 ಹರ್ಟ್ಸ್ ನಡುವೆಯೂ ಮೊದಲಿನ ಗೆರೆಗೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇಡೀ ಇಯರ್‌ಫೋನನ್ನೇ ಡಬ್ಬಿಯೊಳಗೆ ಹಾಕಬೇಡಿ: ಚಿಪ್ಪೂ ಬೆಚ್ಚಗಾದರೆ ಇಬ್ಬನಿ ಕಟ್ಟುವುದಿಲ್ಲ, ನಿಮಗೆ ಮತ್ತೆ ‘ದೋಷ ಕಂಡುಬಂದಿಲ್ಲ’ ಎಂದೇ ಬರೆಯುವಂತಾಗುತ್ತದೆ.

ಈ ನಡುವೆ ನಿಮ್ಮ ಸಹಾಯ ಕೇಂದ್ರದಿಂದ ಬಂದ ಸಲಹೆಗಳನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ಬಾಯಿಂದ ಊದಿದರೆ ಉಸಿರಿನ ತೇವವೇ ಒಳಗೆ ಸೇರುತ್ತದೆ. ಹೇರ್ ಡ್ರೈಯರಿನ ಬಿಸಿ ಜಾಲರಿಯ ಅಂಟನ್ನು ಸಡಿಲಿಸುತ್ತದೆ, ತೆಳು ಡಯಾಫ್ರಮ್ಮನ್ನು ಸುಕ್ಕುಗಟ್ಟಿಸಬಹುದು. ಸೂಜಿಯಿಂದ ಕೆದಕಿದರೆ ಜಾಲರಿ ಹರಿಯುತ್ತದೆ. ಮೂತಿ ಮೇಲ್ಮುಖವಾಗಿರುವಾಗ ಸ್ಪಿರಿಟ್ ಹನಿಸಿದರೆ ಗುಗ್ಗೆ ಕರಗಿ, ಸದ್ದು ಹುಟ್ಟಿಸುವ ಭಾಗವಾದ ಡ್ರೈವರ್ ಕಡೆಗೇ ಇಳಿಯುತ್ತದೆ. ಮೂತಿ ಕೆಳಮುಖವಾಗಿ ಹಿಡಿದು ಒಣ ಮೆದು ಬ್ರಷ್ಷಿನಿಂದ ಸವರುವುದು, ಸಿಲಿಕಾ ಜೆಲ್ ಜೊತೆ ರಾತ್ರಿಯಿಡುವುದು, ಬಳಕೆದಾರರಿಗೆ ಹೇಳಬಹುದಾದ್ದು ಇಷ್ಟೇ. ಅದೂ ಪರಿಹಾರವಲ್ಲ. ಮುಕ್ಕಾಲು ಗಂಟೆ ಕೇಳಲು ಒಂದು ರಾತ್ರಿ ಒಣಗಿಸಬೇಕಾದ ಸಾಧನವನ್ನು ಯಾರೂ ಗೊತ್ತಿದ್ದು ಕೊಳ್ಳುವುದಿಲ್ಲ.

ಇದೇ ಮಾದರಿಯ ಮೂರನೇ ಜೊತೆ ಬೇಡ ಎನ್ನಲು ಇನ್ನೂ ಎರಡು ಕಾರಣಗಳಿವೆ. ಕಿವಿಗೆ ಒತ್ತುವಾಗ ಒಳಗೆ ಪ್ಲಾಸ್ಟಿಕ್ ಹಾಳೆ ಮುದುಡಿದಂಥ ಚರ್‌ಚರ್ ಸದ್ದು ಬರುತ್ತದೆ. ಟಿಪ್ಪಿಗೂ ಕಿವಿದಮಟೆಗೂ ನಡುವೆ ಸಿಕ್ಕಿಬಿದ್ದ ಗಾಳಿ ಹೊರಹೋಗಲು ಮುಂಭಾಗದ ತೂತು ಸಾಲದೆ, ಡಯಾಫ್ರಮ್ ಹಿಂದಕ್ಕೆ ಒತ್ತಲ್ಪಡುವ ಸದ್ದು ಅದು. ಇನ್ನೊಂದು ಹೆಚ್ಚು ಗಂಭೀರ: ಮೂತಿ ನುಣ್ಣಗಿದ್ದು ತುದಿಯಲ್ಲಿ ಏಣು ಇಲ್ಲದ್ದರಿಂದ, ಇಯರ್‌ಫೋನ್ ಎಳೆದಾಗ ಟಿಪ್ ಕಳಚಿಕೊಂಡು ಕಿವಿಯೊಳಗೇ ಉಳಿಯುತ್ತದೆ. ಅದನ್ನು ಬೆರಳಿನಿಂದ ತೆಗೆಯಹೋದರೆ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಇದು ಸದ್ದಿನ ರುಚಿಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ವಿನ್ಯಾಸ ವಿಭಾಗಕ್ಕೆ ಇದನ್ನು ಪ್ರತ್ಯೇಕವಾಗಿ ತಲುಪಿಸಿ.

ನೀವು ಮುಂದಿಟ್ಟ ಇನ್ನೊಂದು ಆಯ್ಕೆ ‘ಸಮಾನ ಬೆಲೆಯ’ ವೈರ್‌ಲೆಸ್ ಮಾದರಿ. ಬೆಲೆ ಸಮಾನವಿರಬಹುದು, ವಸ್ತು ಸಮಾನವಲ್ಲ. ತಂತಿಯ ಇಯರ್‌ಫೋನ್ ಆರಿಸಿಕೊಂಡದ್ದೇ ಮಾತಾಡುತ್ತ ಕೇಳುವ ಕೆಲಸಕ್ಕೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸಂಗೀತದ ದಾರಿ ಒಮ್ಮುಖದ್ದು. ಮೈಕ್ ತೆರೆದ ಕೂಡಲೇ ಸಂಪರ್ಕ ಕರೆಯ ಪ್ರೊಫೈಲಿಗೆ (ಕರೆಗೆಂದೇ ಇರುವ ವಿಧಾನಕ್ಕೆ) ಬದಲಾಗುತ್ತದೆ. ಅಲ್ಲಿ ಸ್ಯಾಂಪಲ್ ದರ (ಸದ್ದನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಗುತ್ತದೆ ಎಂಬ ಎಣಿಕೆ) ಹೆಚ್ಚಾಗಿ 8,000 ಅಥವಾ 16,000 ಹರ್ಟ್ಸ್. ಆ ದರದ ಅರ್ಧದವರೆಗಿನ ಸದ್ದಷ್ಟೇ ಉಳಿಯುವುದರಿಂದ, ಕೇಳುವ ಸದ್ದಿನಲ್ಲಿ 4,000 ಅಥವಾ 8,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ. ತುಟಿಗೂ ದನಿಗೂ ಹೊಂದದ ತಡ ಬೇರೆ. ಎರಡು ಪುಟ್ಟ ಬ್ಯಾಟರಿಗಳು ಸವೆಯುತ್ತವೆ, ಹೆಚ್ಚಿನವುಗಳಲ್ಲಿ ಅವನ್ನು ಬದಲಿಸಲೂ ಬರುವುದಿಲ್ಲ. ಓಡಾಡುತ್ತ ಹಾಡು ಕೇಳುವವರಿಗೆ ಅದು ಒಳ್ಳೆಯ ಆಯ್ಕೆಯೇ ಇರಬಹುದು. ನನ್ನ ದೂರಿಗೆ ಪರಿಹಾರವಲ್ಲ.

ಬದಲಿಯಾಗಿ ಒಪ್ಪಬಹುದಾದ ಇಯರ್‌ಫೋನ್ ಹೇಗಿರಬೇಕು ಎಂಬುದನ್ನು ಈಗ ಹೇಳುತ್ತೇನೆ. ಮೂತಿಗೆ ಟಿಪ್ ಹಿಡಿದಿಡುವ ಏಣು ಇರಲೇಬೇಕು. ಮೂತಿಯ ದಪ್ಪ 5.5 ಮಿ.ಮೀ. ಆಸುಪಾಸು ಇದ್ದರೆ ಹೊರಗೆ ಸಿಗುವ ಸಿಲಿಕಾನ್, ಫೋಮ್ ಟಿಪ್‌ಗಳಲ್ಲಿ ಬಹುಪಾಲು ಹೊಂದುತ್ತವೆ, 6 ಮಿ.ಮೀ. ದಾಟಿದರೆ ಟಿಪ್ ಹಿಗ್ಗಿ, ಸಣ್ಣ ಕಿವಿಗೆ ಹೋಗುವುದೇ ಇಲ್ಲ. ಜಾಲರಿ ಕಿತ್ತು ಬದಲಿಸುವಂಥದ್ದಾಗಿರಲಿ, ಜೊತೆಗೆ ಎರಡು ಬಿಡಿ ಜಾಲರಿಗಳೂ ಇರಲಿ. ಚಿಪ್ಪು ರೆಸಿನ್ ಅಥವಾ ಪ್ಲಾಸ್ಟಿಕ್ಕಿನದಾದರೆ ಲೋಹದಷ್ಟು ಬೇಗ ತಣ್ಣಗಾಗುವುದಿಲ್ಲ. ಕೇಬಲ್ ಬಿಚ್ಚಲು ಬರುವ 0.78 ಮಿ.ಮೀ. ಎರಡು ಪಿನ್ನಿನದಾಗಿರಲಿ. ಮೈಕ್ ಇರುವ 3.5 ಮಿ.ಮೀ. ಜ್ಯಾಕಿನ ವೈರಿಂಗ್ ಸಿಟಿಐಎ ಪದ್ಧತಿಯದೇ ಆಗಬೇಕು: ತುದಿ ಎಡ, ಮೊದಲ ಉಂಗುರ ಬಲ, ಎರಡನೇ ಉಂಗುರ ಗ್ರೌಂಡ್, ಬುಡ ಮೈಕ್. ಹಳೆಯ ಒಎಂಟಿಪಿ ಪದ್ಧತಿಯಲ್ಲಿ ಕೊನೆಯ ಎರಡು ಅದಲುಬದಲು. ಅಂಥ ಕೇಬಲ್ ಹಾಕಿದರೆ ಹಾಡುವವರ ದನಿ ಹೂತುಹೋಗಿ ವಾದ್ಯಗಳಷ್ಟೇ ದೂರದಿಂದ ಕೇಳಿಸುತ್ತವೆ, ಮೈಕಿನ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ದನಿ ಮರಳುತ್ತದೆ.

ನಿಮ್ಮ ಪ್ರತಿನಿಧಿ ಸೂಚಿಸಿದ ಎರಡು ಮಾದರಿಗಳಲ್ಲಿ ಒಂದರ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 16 ಓಮ್, ಸದ್ದು ಪ್ರತಿ ಮಿಲಿವ್ಯಾಟ್‌ಗೆ 105 ಡೆಸಿಬೆಲ್. ಇನ್ನೊಂದು 32 ಓಮ್, 108 ಡೆಸಿಬೆಲ್. ಎರಡನೆಯದು ‘3 ಡೆಸಿಬೆಲ್ ಜೋರು’ ಎಂದು ಅವರು ಬರೆದಿದ್ದಾರೆ. ಅದು ತಪ್ಪು. ಫೋನು ಕೊಡುವುದು ವೋಲ್ಟೇಜು. ಪ್ರತಿ ವೋಲ್ಟ್‌ಗೆ ಲೆಕ್ಕ ಹಾಕಿದರೆ 16 ಓಮ್‌ಗೆ 18 ಡೆಸಿಬೆಲ್, 32 ಓಮ್‌ಗೆ 15 ಡೆಸಿಬೆಲ್ ಕೂಡಬೇಕು. ಎರಡೂ 123 ಡೆಸಿಬೆಲ್ಲಿಗೇ ಬರುತ್ತವೆ, ಫೋನಿನ ಒಂದೇ ವಾಲ್ಯೂಮಿನಲ್ಲಿ ಒಂದೇ ಜೋರು. ಹಾಗಾಗಿ ಜೋರಿನ ಮೇಲೆ ಆರಿಸುವಂತಿಲ್ಲ. ಹಲವು ಆರ್ಮೇಚರ್ ಡ್ರೈವರುಗಳಿರುವ (ಪುಟ್ಟ ಲೋಹದ ಪಟ್ಟಿ ಅಲುಗಿ ಸದ್ದು ಹುಟ್ಟಿಸುವ ಬಗೆಯ) ಮಾದರಿ ಕೊಡುವುದಾದರೆ ಅದರ ಇಂಪಿಡೆನ್ಸ್ ಆವರ್ತನಕ್ಕೆ ತಕ್ಕಂತೆ ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆ ಎಂದು ತಿಳಿಸಿ. ಫೋನ್ ಅಡಾಪ್ಟರಿನ ಔಟ್‌ಪುಟ್ ಇಂಪಿಡೆನ್ಸ್ ಅದರ ಎಂಟನೇ ಒಂದರಷ್ಟಕ್ಕಿಂತ ಹೆಚ್ಚಿದ್ದರೆ ಸ್ವರದ ಹದವೇ ಬದಲಾಗುತ್ತದೆ. ಡ್ರೈವರುಗಳ ಸಂಖ್ಯೆ, ಡ್ರೈವರಿನ ಅಗಲ, ‘20ರಿಂದ 20,000 ಹರ್ಟ್ಸ್’ ಎಂಬ ಸಾಲು, ಇವು ಆಯ್ಕೆಗೆ ನೆರವಾಗುವುದಿಲ್ಲ. ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂದು ಹೇಳದ ಆವರ್ತನದ ಅಂಕಿಗೆ ಅರ್ಥವಿಲ್ಲ. ಬೇಕಾದ್ದು ಎಡ, ಬಲ ಎರಡನ್ನೂ ಒಂದೇ ಕಪ್ಲರಿನಲ್ಲಿ ಅಳೆದ ಗ್ರಾಫ್.

ಕಳಿಸುವ ಮುನ್ನ ಆ ಜೊತೆಯನ್ನೇ ಪರೀಕ್ಷಿಸಿ, ಗ್ರಾಫನ್ನು ಪೆಟ್ಟಿಗೆಯಲ್ಲಿಡಿ. 100ರಿಂದ 5,000 ಹರ್ಟ್ಸ್‌ವರೆಗೆ ಎಡಬಲ ವ್ಯತ್ಯಾಸ 1.5 ಡೆಸಿಬೆಲ್ ಮೀರಬಾರದು. ಅದಕ್ಕಿಂತ ಮೇಲೆ, ವಿಶೇಷವಾಗಿ 8,000 ಹರ್ಟ್ಸ್ ಸುತ್ತ, ಕಪ್ಲರಿನೊಳಗೆ ಎಷ್ಟು ಆಳಕ್ಕೆ ಕೂತಿದೆ ಎಂಬುದರಿಂದಲೇ ಗೆರೆ ಕದಲುತ್ತದೆ. ಅಲ್ಲಿ ತಕರಾರು ಮಾಡುವುದಿಲ್ಲ. ಎರಡು ಪಿನ್ನಿನ ಕೇಬಲ್ ಒಂದು ಬದಿಯಲ್ಲಿ ತಿರುಗುಮುರುಗಾಗಿ ಕೂತಿಲ್ಲವೆಂದೂ ನೋಡಿ. ಹಾಗಾದರೆ ಮಟ್ಟ ಸಮವಿದ್ದರೂ ದನಿ ನಡುವೆ ಕೂರದೆ ಚೆದುರುತ್ತದೆ, ಮಟ್ಟದ ಗ್ರಾಫಿನಲ್ಲಿ ಅದು ಕಾಣುವುದೂ ಇಲ್ಲ. ಮೇಲೆ ಹೇಳಿದ 45 ನಿಮಿಷದ ತೇವದ ಪರೀಕ್ಷೆಯನ್ನು ಹೊಸ ಮಾದರಿಗೂ ಮಾಡಿ.

ಕಿವಿಯೊಳಗೆ ಬಳಸಿದ ವಸ್ತುವನ್ನು ಸ್ವಚ್ಛತೆಯ ಕಾರಣಕ್ಕೆ ವಾಪಸ್ ಪಡೆಯುವುದಿಲ್ಲ ಎಂಬ ನಿಮ್ಮ ನಿಯಮ ಇಲ್ಲಿ ಹೊಂದುವುದಿಲ್ಲ. ಕಿವಿಯೊಳಗೆ ಹೋಗುವುದು ಟಿಪ್. ಅದನ್ನು ತೆಗೆದುಹಾಕಿ, ಚಿಪ್ಪು, ಕೇಬಲ್, ಪೆಟ್ಟಿಗೆ ಮಾತ್ರ ಕಳಿಸುತ್ತೇನೆ. ಮೇಲಾಗಿ ಇದು ಮನಸ್ಸು ಬದಲಾಗಿ ಮರಳಿಸುತ್ತಿರುವ ವಸ್ತುವಲ್ಲ, ಎರಡು ಬಾರಿ ದೋಷ ತೋರಿದ ವಸ್ತು.

ಪತ್ರ ತಲುಪಿದ 15 ದಿನಗಳೊಳಗೆ, ಮೇಲಿನ ಲಕ್ಷಣಗಳಿಗೆ ಹೊಂದುವ ತಂತಿಯ ಮಾದರಿಗಳು ನಿಮ್ಮಲ್ಲಿ ಯಾವುವಿವೆ ಎಂದು ಹೆಸರಿಸಿ ಬರೆಯಿರಿ, ಆರಿಸಿ ತಿಳಿಸುತ್ತೇನೆ. ಅಂಥದ್ದು ಇಲ್ಲವಾದರೆ, ಕೊಟ್ಟ ಪೂರ್ತಿ ಹಣವನ್ನೂ ಎರಡು ಬಾರಿಯ ಪಾರ್ಸೆಲ್ ವೆಚ್ಚವನ್ನೂ ಮರಳಿಸಿ. ಖರೀದಿ ರಸೀದಿ, ಎರಡೂ ಜೊತೆಗಳ ಸೀರಿಯಲ್ ಸಂಖ್ಯೆ, ನಿಮ್ಮ ಕೇಂದ್ರದ ಚೀಟಿ, ಒಣ ಮತ್ತು ಒದ್ದೆ ಜಾಲರಿಯ ಹತ್ತಿರದ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ