ಮಕ್ಕಳ ಹೆಸರು ಹೇಳಿದ ಮೇಲೆ

ಪ್ರಿಯ ಸುಮಾ,

ನಿನ್ನ ಲೇಖನ ಓದಿದೆ. ಸಿಟ್ಟು ಚೆನ್ನಾಗಿದೆ, ಆದರೆ ಮೊದಲ ಸಾಲೇ ಎಡವಿದೆ. 2007ರ ಜೂನ್ 21ರಂದು ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಹೊವಾರ್ಡ್ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಅಬೊರಿಜಿನಲ್ (ಅಲ್ಲಿನ ಮೂಲನಿವಾಸಿಗಳ) ಹಳ್ಳಿಗಳಲ್ಲಿ ತುರ್ತು ಕ್ರಮ ಘೋಷಿಸಿದ್ದನ್ನು ನೀನು 'ಹಸಿ ಸುಳ್ಳಿನ ಮೇಲೆ ನಿಂತದ್ದು' ಅಂದಿದ್ದೀಯ. ಅಲ್ಲ. ಅಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿತ್ತು. ಆ ಪ್ರಾಂತ್ಯದ ಸರ್ಕಾರಕ್ಕಾಗಿ ತನಿಖೆ ಮಾಡಿದ ರೆಕ್ಸ್ ವೈಲ್ಡ್ ಮತ್ತು ಪ್ಯಾಟ್ ಆಂಡರ್ಸನ್ ಅವರ ವರದಿ ಅದನ್ನೇ ಹೇಳಿತ್ತು. ಆಂಡರ್ಸನ್ ಸ್ವತಃ ಅಬೊರಿಜಿನಲ್ ಮಹಿಳೆ. ನೋವು ನಿಜವಾಗಿದ್ದರಿಂದಲೇ ಹೊವಾರ್ಡ್ ಸರ್ಕಾರದ ಭಾಷಣಗಳಿಗೆ ಅಷ್ಟು ಬಲ ಬಂತು. ನೀನು ನೋವನ್ನೇ ಅಲ್ಲಗಳೆದರೆ ಓದುಗರು ನಿನ್ನನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ಹಾಗಾದರೆ ಎಲ್ಲಿ ಹಿಡಿಯಬೇಕು? ವರದಿಯನ್ನೂ ಹೊವಾರ್ಡ್ ಸರ್ಕಾರ ಮಾಡಿದ್ದನ್ನೂ ಅಕ್ಕಪಕ್ಕ ಇಟ್ಟು ಓದು. ವರದಿಯಲ್ಲಿ 97 ಶಿಫಾರಸುಗಳಿದ್ದವು. ಮೊದಲನೆಯದರಲ್ಲೇ ಎರಡು ಮಾತು: ಇದನ್ನು ರಾಷ್ಟ್ರೀಯ ಮಹತ್ವದ ತುರ್ತು ವಿಷಯ ಎಂದು ಪರಿಗಣಿಸಿ, ಏನೇ ಮಾಡಿದರೂ ಅಲ್ಲಿನ ಜನರ ಜೊತೆ ಕೂತು ಮಾತಾಡಿ ಮಾಡಿ. ಸರ್ಕಾರ 'ತುರ್ತು' ಎತ್ತಿಕೊಂಡಿತು, 'ಕೂತು ಮಾತಾಡಿ'ಯನ್ನು ಅಲ್ಲೇ ಬಿಟ್ಟಿತು. ನಮ್ಮ ಶಿಫಾರಸಿಗೂ ಈ ಕ್ರಮಕ್ಕೂ ಸಂಬಂಧವೇ ಇಲ್ಲ ಎಂದು ಆಂಡರ್ಸನ್ ಆಮೇಲೆ ಬಹಿರಂಗವಾಗಿಯೇ ಹೇಳಿದರು. ನಿನ್ನ ಲೇಖನದಲ್ಲಿ ಆಕೆಯ ಹೆಸರೇ ಇಲ್ಲವಲ್ಲ!

ಮುಂದಿನ ಕೆಲಸ ಸ್ವಲ್ಪ ಬೇಸರದ್ದು, ಆದರೂ ಮಾಡು. ಒಂದೊಂದು ಕ್ರಮವನ್ನೂ ಎತ್ತಿಕೊಂಡು, ಇದರಿಂದ ಒಂದು ಮಗು ಹೇಗೆ ಸುರಕ್ಷಿತವಾಗುತ್ತದೆ ಅಂತ ಕೇಳು. ಕುಡಿತದ ನಿಷೇಧಕ್ಕೂ ಹೆಚ್ಚು ಪೊಲೀಸರಿಗೂ ಉತ್ತರ ಸಿಗುತ್ತದೆ, ಅದನ್ನು ಮುಚ್ಚಿಡಬೇಡ. ಆದರೆ ಸರ್ಕಾರಿ ನೆರವಿನ ಅರ್ಧ ಹಣವನ್ನು ಊಟ, ಬಟ್ಟೆಯಂಥ ಅಗತ್ಯಗಳಿಗೆ ಮಾತ್ರ ಎಂದು ಕಟ್ಟಿಹಾಕಿದ್ದು ಆ ಹಳ್ಳಿಗಳಲ್ಲಿ ನೆರವು ಪಡೆಯುವ ಎಲ್ಲರಿಗೂ ಅನ್ವಯವಾಯಿತು. ಮಕ್ಕಳೇ ಇಲ್ಲದವರಿಗೂ, ಮೊಮ್ಮಕ್ಕಳನ್ನು ಜೋಪಾನವಾಗಿ ಸಾಕುತ್ತಿದ್ದ ಅಜ್ಜಿಯರಿಗೂ. ಹಳ್ಳಿಗಳ ಜಮೀನನ್ನು ಐದು ವರ್ಷ ಕಡ್ಡಾಯವಾಗಿ ಲೀಸಿಗೆ ಪಡೆದದ್ದು ಯಾಕೆ? ಜನಾಂಗ ತಾರತಮ್ಯ ತಡೆಯುವ 1975ರ ಕಾಯ್ದೆಯನ್ನು ಇದಕ್ಕೆ ಅನ್ವಯಿಸದಂತೆ ಬದಿಗಿಟ್ಟದ್ದು ಯಾಕೆ? ಬೆಂಕಿ ಬಿದ್ದ ಮನೆ ಮುಂದೆ ಯಾರೂ ಪಹಣಿ ಕೇಳುವುದಿಲ್ಲ ಅಲ್ವಾ, ಹಾಗೇ ಆಯಿತು. ನೂರಾರು ಪುಟದ ಮಸೂದೆಗಳು ಆಗಸ್ಟಿನಲ್ಲಿ ಹತ್ತೇ ದಿನದಲ್ಲಿ ಪಾಸಾದವು. ವಿರೋಧಿಸಿದರೆ 'ಮಕ್ಕಳ ವಿರೋಧಿ' ಅನ್ನಿಸಿಕೊಳ್ಳಬೇಕು. ವಿರೋಧ ಪಕ್ಷವಾಗಿದ್ದ ಲೇಬರ್ ಕೂಡ ಮಸೂದೆಗಳ ಪರವಾಗಿಯೇ ಮತ ಹಾಕಿತು.

ಹೊವಾರ್ಡ್ ಅಲ್ಲಿನ ಪರಿಸ್ಥಿತಿಯನ್ನು 2005ರಲ್ಲಿ ಅಮೆರಿಕಕ್ಕೆ ಅಪ್ಪಳಿಸಿದ ಕತ್ರಿನಾ ಚಂಡಮಾರುತಕ್ಕೆ ಹೋಲಿಸಿದರು. ನೀನು ಇದನ್ನು ಒಂದು ಸಾಲಲ್ಲಿ ದಾಟಿದ್ದೀಯ. ನಾನಾಗಿದ್ದರೆ ಒಂದು ಪುಟ ಬರೆಯುತ್ತಿದ್ದೆ. ಚಂಡಮಾರುತಕ್ಕೆ ಯಾರೂ ಹೊಣೆಯಲ್ಲ, ನೋಡು. ಮನೆ ಸಾಲದೆ ಒಂದೇ ಸೂರಿನಡಿ ತುಂಬಿಕೊಂಡ ಸಂಸಾರಗಳು, ಪೊಲೀಸರೇ ಇಲ್ಲದ ಹಳ್ಳಿಗಳು, ಇವೆಲ್ಲ ದಶಕಗಳ ನಿರ್ಲಕ್ಷ್ಯ. ಅದರಲ್ಲಿ 11 ವರ್ಷ ಅವರದೇ ಆಳ್ವಿಕೆ. (ಕತ್ರಿನಾದಲ್ಲೂ ನ್ಯೂ ಆರ್ಲಿಯನ್ಸ್ ಮುಳುಗಿದ್ದು ಸರ್ಕಾರ ಕಟ್ಟಿದ ಒಡ್ಡುಗಳು ಒಡೆದು. ಯಾರೂ ಅವರಿಗೆ ನೆನಪಿಸಲಿಲ್ಲವೋ ಏನೋ.)

ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಚಿವ ಮಾಲ್ ಬ್ರಫ್ 2006ರಲ್ಲೇ ಶಿಶುಕಾಮಿಗಳ ಜಾಲ ಇದೆ ಎಂದಿದ್ದರು. ಸಂಘಟಿತ ಜಾಲಕ್ಕೆ ಸಾಕ್ಷಿ ಇಲ್ಲ ಎಂದು ಆಸ್ಟ್ರೇಲಿಯಾದ ಅಪರಾಧ ಆಯೋಗವೇ ಆಮೇಲೆ ಹೇಳಿತು. ಅಷ್ಟು ಹೊತ್ತಿಗೆ ಪ್ರತಿ ಅಬೊರಿಜಿನಲ್ ಗಂಡಸಿನ ಮೇಲೂ ಅನುಮಾನ ಬಿದ್ದಾಗಿತ್ತು. ಹಳ್ಳಿಗಳ ಹೊರಗೆ ಮದ್ಯ, ಅಶ್ಲೀಲ ಚಿತ್ರ ನಿಷೇಧ ಅಂತ ದೊಡ್ಡ ನೀಲಿ ಬೋರ್ಡು ನೆಟ್ಟರು. ದಿನಾ ಅದರ ಕೆಳಗೇ ಮನೆಗೆ ಹೋಗುವ ಅಪ್ಪಂದಿರಿಗೆ ಹೇಗಾಗಿರಬೇಡ? ಬೋರ್ಡಿನ ಆ ಪ್ಯಾರಾವನ್ನು ಮೇಲಕ್ಕೆ ತಾ.

'ಅಬೊರಿಜಿನಲ್ ಜನ ಇದನ್ನು ವಿರೋಧಿಸಿದರು' ಅಂತ ಒಂದೇ ಉಸಿರಲ್ಲಿ ಬರೆಯಬೇಡ. ಬೆಸ್ ಪ್ರೈಸ್, ಮಾರ್ಸಿಯಾ ಲ್ಯಾಂಗ್ಟನ್ ಅವರಂಥ ಅಬೊರಿಜಿನಲ್ ಮಹಿಳೆಯರೇ ಬೆಂಬಲಿಸಿದರು. ಅವರ ಕಾರಣಗಳನ್ನೂ ಹೇಳು, ಒಪ್ಪದಿದ್ದರೆ ಜಗಳವಾಡು.

ಕೊನೆಯಲ್ಲಿ ತಂದಿರುವ ನಮ್ಮ ಕಾಡಿನ ಆದಿವಾಸಿಗಳ ಹೋಲಿಕೆ ತೆಗೆದುಬಿಡು. ಅದಕ್ಕೆ ಬೇರೆ ಓಡಾಟ, ಬೇರೆ ಲೇಖನ ಬೇಕು. ಆ ಜಾಗದಲ್ಲಿ ಹೊವಾರ್ಡ್ ನಂತರ ಪ್ರಧಾನಿಯಾದ ಲೇಬರ್ ಪಕ್ಷದ ಕೆವಿನ್ ರಡ್ ಬರಲಿ. 2008ರ ಫೆಬ್ರವರಿಯಲ್ಲಿ, ಹಿಂದಿನ ಸರ್ಕಾರಗಳು ಅಬೊರಿಜಿನಲ್ ಕುಟುಂಬಗಳಿಂದ ಕಸಿದುಕೊಂಡ ಮಕ್ಕಳಿಗಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದವರು ಅವರೇ. ಈ ಕ್ರಮವನ್ನು ಮುಂದುವರಿಸಿದವರೂ ಅವರೇ.